ಒತ್ತಕ್ಷರ ಬಂದರೆ ಎದ್ದು ಹೋಗುತ್ತಾನೆ

ಪ್ರಶ್ನೆ: ಮಗ ಒಂದನೇ ತರಗತಿಯನ್ನು ಕೊರೊನಾ ಕಾಲದಲ್ಲಿ ಮೊಬೈಲ್‌ನಲ್ಲೇ ಮುಗಿಸಿದ. ಈಗ ಆರನೇ ಕ್ಲಾಸು. ‘ಹಣ್ಣು’ ಇದ್ದರೆ ‘ಹಣು’ ಎಂದು ಓದುತ್ತಾನೆ, ಗಟ್ಟಿಯಾಗಿ ಓದು ಅಂದರೆ ಎದ್ದು ಹೋಗುತ್ತಾನೆ. ದಡ್ಡನಾ?

ಉತ್ತರ: ಖಂಡಿತ ಅಲ್ಲ, ಆ ಮಾತು ಅವನ ಕಿವಿಗೆ ಬೀಳಿಸಲೇಬೇಡಿ. ಅಕ್ಷರ ಕೂಡಿಸಿ ಓದುವ ವಯಸ್ಸಿಗೇ ಶಾಲೆ ಮುಚ್ಚಿತ್ತು, ವಿದ್ಯಾಗಮ ಅಂತ ಊರೊಳಗೆ ಶುರುವಾದ ಪಾಠವೂ 2020ರ ಅಕ್ಟೋಬರ್‌ನಲ್ಲಿ ನಿಂತಿತು. ಇವನೊಬ್ಬನೇ ಅಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸುವ ಅಸರ್ ಸಮೀಕ್ಷೆ ಪ್ರಕಾರ, ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು ಗ್ರಾಮೀಣ ಭಾರತದಲ್ಲಿ 2018ರಲ್ಲಿ ಶೇ 27.3 ಇದ್ದರು, 2022ರಲ್ಲಿ ಶೇ 20.5ಕ್ಕೆ ಇಳಿದರು.

ಎದ್ದು ಹೋಗುವುದು ಸೋಮಾರಿತನ ಇರಲಾರದು, ನಾಚಿಕೆ ಇರಬಹುದು. ಟ್ಯೂಷನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ರಾತ್ರಿ ಹತ್ತು ನಿಮಿಷ ಪೇಪರಿನ ಕ್ರಿಕೆಟ್ ಸುದ್ದಿ ಹಿಡಿದು ಕೂರಿ, ಒಂದು ಸಾಲು ನೀವು, ಒಂದು ಸಾಲು ಅವನು. ತಪ್ಪಿದರೆ ತಡೆಯಬೇಡಿ, ಸಾಲು ಮುಗಿದ ಮೇಲೆ ನೀವೇ ಸರಿಯಾಗಿ ಓದಿ ತೋರಿಸಿ.