ಬಂಪರ್ ಗೀರು, ಚಳಿಗಾಲದ ಪೇಂಟು: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಗಾಢ ನೀಲಿ ಮೆಟಾಲಿಕ್ ಬಣ್ಣದ ಪೋರ್ಷೆ 911. ಮನೆ ಮುಂದಿನ ಚರಂಡಿಗೆ ಹಾಸಿರುವ ಚಪ್ಪಡಿ ಕಲ್ಲು ತಗುಲಿ ಮುಂದಿನ ಬಂಪರಿನ ಎಡ ಮೂಲೆಯಲ್ಲಿ ಗೇಣುದ್ದ ಗೀರುಗಳಾಗಿವೆ. ಒಂದು ಕಡೆ ಕಪ್ಪು ಪ್ಲಾಸ್ಟಿಕ್ ಕಾಣುತ್ತಿದೆ. ಪೇಂಟರ್ ‘ಪೂರ್ತಿ ಬಂಪರ್ ಹೊಡೆದುಬಿಡೋಣ, ಸಂಜೆಗೆ ಗಾಡಿ ತಗೊಂಡು ಹೋಗಿ ಸರ್’ ಅಂತಾರೆ. ಈ ಚಳಿಯಲ್ಲಿ ಮಾಡಿಸಬಹುದಾ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಸಂಜೆಗೆ ಕೊಡುತ್ತೇನೆ ಎನ್ನುವವರಿಗೆ ಡಿಸೆಂಬರ್, ಜನವರಿಯಲ್ಲಿ ಬಂಪರ್ ಕೊಡಬೇಡಿ. ನಮ್ಮ ಕಡೆಯ ಚಳಿಗೆ ಬಂಪರ್ ಏನೂ ಒಡೆಯುವುದಿಲ್ಲ, ರಬ್ಬರ್ ಅಂಶ ಬೆರೆಸಿದ ಪ್ಲಾಸ್ಟಿಕ್ಕಿಗೆ ಈ ಚಳಿ ಲೆಕ್ಕಕ್ಕಿಲ್ಲ. ಕೆಡುವುದೆಲ್ಲ ಪೇಂಟ್ ಒಣಗುವಾಗ.

ಮೊದಲು ಗೀರು ಎಷ್ಟು ಆಳ ಎಂದು ನೋಡಿ. ಶಾಂಪೂ ನೀರಲ್ಲಿ ತೊಳೆದು, ಆ ಜಾಗ ಒದ್ದೆ ಇರುವಾಗಲೇ ಗಮನಿಸಿ. ಒದ್ದೆಯಲ್ಲಿ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ ಅದು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟಿನಲ್ಲಷ್ಟೇ ಇದೆ. ಉಗುರು ಅಡ್ಡ ಎಳೆದಾಗ ಎಡವಿದರೆ ಆಳಕ್ಕೆ ಹೋಗಿದೆ. ಕೆಲವು ಬಿಳಿ ಗೆರೆಗಳು ಗೀರೇ ಅಲ್ಲ, ಕಲ್ಲಿನದೋ ಗೋಡೆ ಸುಣ್ಣದ್ದೋ ಅಂಟು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೈಕ್ರೋಫೈಬರ್ ಬಟ್ಟೆಗೇ ಬಂದುಬಿಡುತ್ತವೆ. ಥಿನ್ನರ್ ಮಾತ್ರ ಮುಟ್ಟಬೇಡಿ.

ಕ್ಲಿಯರ್ ಕೋಟಿನ ಗೀರಿಗೆ ಕಾಂಪೌಂಡ್ (ಉಜ್ಜಿ ಪಾಲಿಶ್ ಮಾಡುವ ಪೇಸ್ಟ್) ಸಾಕು. ಆದರೆ ಬಂಪರ್ ಬಾನೆಟ್ ಅಲ್ಲ. ಕ್ಲಿಯರ್ ಕೋಟ್ ಇರುವುದೇ ಸುಮಾರು 40–50 ಮೈಕ್ರಾನ್, ಮೂಲೆ ಮಡಿಕೆಗಳಲ್ಲಿ ಇನ್ನೂ ತೆಳು. ಲೋಹದ ಭಾಗಗಳ ಪೇಂಟ್ ದಪ್ಪ ಅಳೆಯುವ ಮಾಮೂಲಿ ಮೀಟರ್ ಪ್ಲಾಸ್ಟಿಕ್ಕಿನ ಮೇಲೆ ಕೆಲಸ ಮಾಡುವುದಿಲ್ಲ, ಹಾಗಾಗಿ ಎಷ್ಟು ಉಳಿದಿದೆ ಎಂದು ಉಜ್ಜುವವನಿಗೂ ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಬಿಸಿಯನ್ನು ಬೇಗ ಬಿಡುವುದೂ ಇಲ್ಲ. ಪ್ಯಾಡನ್ನು ಒಂದೇ ಸಮ ತಿರುಗಿಸುವ ರೋಟರಿ ಮೆಷಿನ್ ಒಂದೇ ಕಡೆ ನಿಂತರೆ ಪೇಂಟ್ ಸುಡುತ್ತದೆ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಮೆಷಿನ್, ಮೆತ್ತನೆಯ ಪ್ಯಾಡ್, ಕಡಿಮೆ ಸ್ಪೀಡು, ಅಂಚುಗಳಿಗೆ ಟೇಪು. ನಾಲ್ಕೈದು ಸಲ ಓಡಿಸಿ ಕೈಯಿಟ್ಟು ನೋಡಬೇಕು, ಬಿಸಿ ಹತ್ತಿದ್ದರೆ ನಿಲ್ಲಿಸಬೇಕು.

ಕಪ್ಪು ಕಾಣುವ ಕಡೆ ಟಚಪ್ ಮಾಡಬಹುದು. ಕಂಪನಿ ಗಾಡಿಗೆ ಕೊಟ್ಟ ಕಲರ್ ಕೋಡ್ ನೋಡಿಯೇ ಬಣ್ಣ ತರಿಸಿ, ಕಣ್ಣಂದಾಜು ಮೆಟಾಲಿಕ್ಕಿಗೆ ನಡೆಯುವುದಿಲ್ಲ. ಬರಿ ಪ್ಲಾಸ್ಟಿಕ್ ಮೇಲೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೀಳಲೇಬೇಕು. ಅದನ್ನು ಬಿಟ್ಟರೆ ಒಂದೆರಡು ತಿಂಗಳಲ್ಲಿ ಪೇಂಟ್ ಈರುಳ್ಳಿ ಸಿಪ್ಪೆಯಂತೆ ಎದ್ದು ಬರುತ್ತದೆ. ಗುಂಡಿ ತುಂಬಲು ತಗಡಿಗೆ ಹಾಕುವ ಪುಟ್ಟಿ ಬೇಡ. ಬಂಪರ್ ಬಾಗುತ್ತದೆ, ಆ ಪುಟ್ಟಿ ಬಾಗದೆ ಬಿರುಕು ಬಿಡುತ್ತದೆ. ಬಂಪರಿಗೆಂದೇ ಬರುವ ಬಾಗುವ ಪುಟ್ಟಿ ಕೇಳಿ ಹಾಕಿಸಿ.

ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ ಗೀರಿನ ಒಳಗೆ ಮಾತ್ರ ಬಿಡಿ. ಒಂದೇ ಸಲ ತುಂಬುವ ಆಸೆ ಬೇಡ. ಮೂರು ನಾಲ್ಕು ತೆಳು ಪದರ, ಬೇಸಿಗೆಯಲ್ಲಿ ಅರ್ಧ ಗಂಟೆ ಅಂತರವಾದರೆ ಈಗ ಒಂದು ಗಂಟೆ. ಮೇಲೆ ಕ್ಲಿಯರ್ ಎರಡು ಪದರ. ಒಂದು ವಾರ ಬಿಟ್ಟು 2000, ಆಮೇಲೆ 3000 ನಂಬರಿನ ವಾಟರ್ ಪೇಪರ್, ಸೋಪು ನೀರಿನಲ್ಲಿ, ಉಬ್ಬಿದ ಜಾಗಕ್ಕಷ್ಟೇ. ಹತ್ತಿರ ಬಗ್ಗಿ ನೋಡಿದರೆ ಗೆರೆ ಕಾಣುತ್ತದೆ, ಮಾರು ದೂರದಿಂದ ಕಾಣುವುದಿಲ್ಲ. ಟಚಪ್ ಅಂದರೆ ಅಷ್ಟೇ.

ಅದು ಸಾಲದು, ಪೂರ್ತಿ ಹೊಡೆಸಬೇಕು ಎಂದರೆ ಬೂತ್ (ಪೇಂಟ್ ಹೊಡೆದು ಬಿಸಿಯಲ್ಲಿ ಒಣಗಿಸುವ ಮುಚ್ಚಿದ ಕೋಣೆ) ಇರುವ ಕಡೆ ಹೋಗಿ. ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆಯುವ ಎರಡು ಭಾಗದ ಕ್ಲಿಯರ್ ಸರಿಯಾಗಿ ಗಟ್ಟಿಯಾಗಲು ಸುಮಾರು 20 ಡಿಗ್ರಿಯಾದರೂ ಬೇಕು. ಬೆಳಿಗ್ಗೆ ಎಂಟಕ್ಕೆ ತೆರೆದ ಶೆಡ್ಡಿನಲ್ಲಿ ಅದು ಸಿಗುವುದಿಲ್ಲ. ಥಿನ್ನರ್ ಆರುವಾಗ ಮೇಲ್ಮೈ ಮತ್ತಷ್ಟು ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಪೇಂಟಿನ ಮೇಲೆ ಹಾಲು ಚೆಲ್ಲಿದಂತೆ ಮಬ್ಬು ಕೂರುತ್ತದೆ. ಇದಕ್ಕೆ ಹೆದರಿ ಕೆಲವರು ಬೇಗ ಒಣಗಲೆಂದು ಹಾರ್ಡ್‌ನರ್ ಜಾಸ್ತಿ ಸುರಿಯುತ್ತಾರೆ. ಡಬ್ಬಿಯ ಮೇಲೆ ಎರಡಕ್ಕೆ ಒಂದು ಎಂದಿದ್ದರೆ ಎರಡಕ್ಕೆ ಒಂದೇ. ಹೆಚ್ಚಾದರೆ ಪೇಂಟ್ ಪೆಡಸಾಗಿ, ಸಣ್ಣ ಕಲ್ಲು ಸಿಡಿದರೂ ಚಕ್ಕೆ ಏಳುತ್ತದೆ. ಬೂತ್ ಇಲ್ಲವೇ ಇಲ್ಲ ಎಂದರೆ ಹನ್ನೊಂದರಿಂದ ಮೂರರ ಒಳಗೆ ಹೊಡೆಸಿ, ರಾತ್ರಿ ಇಬ್ಬನಿ ಬೀಳದಂತೆ ಒಳಗಿಡಿ. ವ್ಯಾಕ್ಸ್, ಪಿಪಿಎಫ್ (ಪೇಂಟ್ ಕಾಯಲು ಅಂಟಿಸುವ ಪಾರದರ್ಶಕ ಫಿಲ್ಮ್) ಒಂದು ತಿಂಗಳು ಬೇಡ.

ಇನ್ನೊಂದು ಮಾತು, ಕೇಳದಿದ್ದರೂ. ಈ ತಿಂಗಳುಗಳಲ್ಲಿ ಕಲ್ಲಿಗಿಂತ ಹೆಚ್ಚು ಗೀರು ಮಾಡುವುದು ಬೆಳಗಿನ ಹೊತ್ತು ಇಬ್ಬನಿ ಒರೆಸುವ ಹಳೆ ಟವೆಲ್. ಕ್ವಾರಿ ಟಿಪ್ಪರುಗಳು ಓಡಾಡುವ ರಸ್ತೆ ಬದಿ ನಿಂತ ಗಾಡಿಯ ಮೇಲೆ ಕೂರುವುದು ಗ್ರಾನೈಟ್ ಪುಡಿ. ಅದರಲ್ಲಿನ ಸ್ಫಟಿಕದ ಕಣ ಕ್ಲಿಯರ್ ಕೋಟಿಗಿಂತ ಗಟ್ಟಿ. ಅದರ ಮೇಲೆ ಬಟ್ಟೆ ಎಳೆದರೆ ಎಮರಿ ಎಳೆದಂತೆ. ನಂದಿ ಬೆಟ್ಟಕ್ಕೆ ಹೊರಡುವ ಆತುರವಿದ್ದರೂ ಮೊದಲು ನೀರು ಹರಿಸಿ, ಆಮೇಲೆ ಬಟ್ಟೆ. ಬೋರ್ ನೀರಾದರೆ ಒಣಗಲು ಬಿಡದೆ ಒತ್ತಿ ತೆಗೆಯಿರಿ, ಇಲ್ಲದಿದ್ದರೆ ಬಿಳಿ ಕಲೆಗಳನ್ನು ಬಿಡಿಸುವುದು ಇನ್ನೊಂದು ಕೆಲಸ.

ಪ್ರಶ್ನೆ: ಹಿಂದಿನ ಬಂಪರ್ ಪೇಂಟ್ ಮಾಡಿಸಿದ ಮೇಲೆ ಪಾರ್ಕಿಂಗ್ ಸೆನ್ಸರ್ ಏನೂ ಇಲ್ಲದಿದ್ದರೂ ಕೂಗುತ್ತದೆ. ವೈರಿಂಗ್ ಸರಿ ಇದೆಯಂತೆ.
– ಓದುಗರು, ಕೋಲಾರ

ಉತ್ತರ: ಸೆನ್ಸರ್ ಕಳಚದೆ ಮೇಲೆಯೇ ಸ್ಪ್ರೇ ಹೊಡೆದಿರುವ ಸಾಧ್ಯತೆ ಹೆಚ್ಚು. ಸೆನ್ಸರಿನ ಮುಖ ನಡುಗಿ ಶಬ್ದ ಕಳಿಸಿ, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಅದಕ್ಕೂ ಬಂಪರಿಗೂ ನಡುವೆ ತೆಳು ರಬ್ಬರ್ ರಿಂಗ್ ಇರುತ್ತದೆ. ಪೇಂಟ್ ಆ ಸಂದನ್ನು ಮುಚ್ಚಿದರೆ ಬಂಪರಿನ ನಡುಕವೂ ಸೆನ್ಸರಿಗೆ ಸೇರುತ್ತದೆ. ಸೆನ್ಸರ್ ಬಿಚ್ಚಿಸಿ, ರಿಂಗ್ ಶುಚಿ ಮಾಡಿಸಿ, ಮುಖಕ್ಕೆ ದಪ್ಪ ಪೇಂಟ್ ಬಿದ್ದಿದ್ದರೆ ಬೇರೆ ಸೆನ್ಸರ್ ಹಾಕಿಸಿ. ಬಂಪರ್ ಹಿಂದೆ ರಾಡಾರ್ ಇದ್ದರೆ ಅದರ ಎದುರು ಪುಟ್ಟಿ, ಪೇಂಟಿನ ಮೇಲೆ ಪೇಂಟು ಎರಡೂ ಕೂಡದು.

ಪ್ರಶ್ನೆ: ಸಣ್ಣ ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡಬಹುದಾ?
– ಓದುಗರು, ಚಿಂತಾಮಣಿ

ಉತ್ತರ: ಮಾಡಬಹುದು, ಲೆಕ್ಕ ಹಾಕಿ ಮಾಡಿ. ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ 20%, ಐದು ವರ್ಷ ಕ್ಲೇಮ್ ಇಲ್ಲದಿದ್ದರೆ 50%. ಇದು ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂ ಮೇಲಿನ ರಿಯಾಯಿತಿ, ದುಬಾರಿ ಗಾಡಿಗೆ ಸಣ್ಣ ಮೊತ್ತವಲ್ಲ. ಬೋನಸ್ ಉಳಿಸುವ ಆಡ್-ಆನ್ ಇಲ್ಲದಿದ್ದರೆ ಒಂದು ಕ್ಲೇಮಿಗೆ ಅದು ಹೋಗುತ್ತದೆ. ಬಂಪರನ್ನೇ ಬದಲಿಸಬೇಕಾಗಿ ಬಂದರೆ, ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಆಡ್-ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ 50% ಕಡಿತವೂ ಇದೆ. ಟಚಪ್, ಪಾಲಿಶ್‌ನಲ್ಲಿ ಮುಗಿಯುವುದನ್ನು ಕೈಯಿಂದಲೇ ಕೊಟ್ಟುಬಿಡುವುದು ಲೇಸು. ಕ್ಲೇಮ್ ಮಾಡುವುದೇ ಆದರೆ ಸರ್ವೇಯರ್ ನೋಡುವವರೆಗೆ ಆ ಜಾಗವನ್ನು ಉಜ್ಜಲು ಹೋಗಬೇಡಿ.