ಕರೆಂಟ್ ಹೋಗಿ ಬಂದರೆ ನೋಡ್‌ಗಳು ‘ಡೌನ್’

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಪ್ರಯೋಗಾಲಯ ಸಹಾಯಕ. ಆರು ಹಳೆಯ ಸರ್ವರ್‌ಗಳಿಗೆ ರಾಕಿ ಲಿನಕ್ಸ್ ಹಾಕಿ, ಒಂದನ್ನು ಮುಖ್ಯ ಸರ್ವರ್, ಉಳಿದ ಐದನ್ನು ಅದರ ಕೈಕೆಳಗಿನ ನೋಡ್‌ಗಳನ್ನಾಗಿ ಮಾಡಿ, ಅವುಗಳಿಗೆ ಕೆಲಸ (ಜಾಬ್) ಹಂಚುವ ಸ್ಲರ್ಮ್ ತಂತ್ರಾಂಶ ಅಳವಡಿಸಿದ್ದೇನೆ. ಯುಪಿಎಸ್ ಇರುವುದು ಮುಖ್ಯ ಸರ್ವರ್‌ಗೆ ಮಾತ್ರ, ಇಂಟರ್ನೆಟ್ ಸಂಪರ್ಕವಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಮೂರು ನೋಡ್‌ಗಳು ‘ಡೌನ್’ ಎಂದೂ, ಉಳಿದೆರಡು ಅದೇ ಪದದ ಮುಂದೆ ನಕ್ಷತ್ರ ಚಿಹ್ನೆಯೊಂದಿಗೂ ಕಾಣಿಸುತ್ತವೆ. ಎರಡು ಸಲ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದರೂ ಸರಿಹೋಗಲಿಲ್ಲ.
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ದಯವಿಟ್ಟು ಮೂರನೆಯ ಸಲ ಅಳಿಸಬೇಡಿ. ನೀವು ಒಂದೇ ಎಂದುಕೊಂಡಿರುವುದು ಎರಡು ಬೇರೆ ಬೇರೆ ತೊಂದರೆಗಳು, ಮತ್ತು ಅವುಗಳ ಸುಳಿವು ಆ ನಕ್ಷತ್ರ ಚಿಹ್ನೆಯಲ್ಲೇ ಇದೆ. ನಕ್ಷತ್ರವಿದ್ದರೆ ಆ ನೋಡ್ ಮುಖ್ಯ ಸರ್ವರ್‌ಗೆ ಉತ್ತರವನ್ನೇ ಕೊಡುತ್ತಿಲ್ಲ ಎಂದರ್ಥ.

ಮೊದಲು ಆ ಎರಡು ನೋಡ್‌ಗಳಲ್ಲಿ ಲಾಗಿನ್ ಆಗಿ ದಿನಾಂಕ ನೋಡಿ. ಹಲವು ವರ್ಷ ಹಿಂದಿನದ್ದು ಕಂಡರೆ ಕಾರಣ ಸಿಕ್ಕಂತೆಯೇ. ಮದರ್‌ಬೋರ್ಡ್ ಮೇಲಿರುವ, ನಾಣ್ಯದಂಥ 3 ವೋಲ್ಟ್‌ನ ಸಿಆರ್ 2032 ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಸರ್ವರ್ ತನ್ನ ಗಡಿಯಾರವನ್ನು ಮರೆಯುತ್ತದೆ. ಸ್ಲರ್ಮ್‌ನ ಸರ್ವರ್‌ಗಳು ಪರಸ್ಪರ ಗುರುತಿಸುವುದು ಮಂಜ್ ಎಂಬ ತಂತ್ರಾಂಶದ ಮೂಲಕ. ಅದು ಕೊಡುವ ಗುರುತಿನ ಚೀಟಿಗೆ ಸಾಮಾನ್ಯವಾಗಿ 300 ಸೆಕೆಂಡುಗಳ ಆಯುಷ್ಯ ಮಾತ್ರ ಇರುವುದರಿಂದ, ಎಲ್ಲ ಸರ್ವರ್‌ಗಳಲ್ಲೂ ಒಂದೇ ಗುಪ್ತ ಕೀ ಇದ್ದರೂ ಗಡಿಯಾರಗಳು ಅದಕ್ಕಿಂತ ಹೆಚ್ಚು ಆಚೀಚೆಯಾದರೆ ಚೀಟಿ ತಿರಸ್ಕೃತವಾಗುತ್ತದೆ. ಮರುಅಳವಡಿಕೆಯಿಂದ ಸೆಲ್ ಬದಲಾಗುವುದಿಲ್ಲವಲ್ಲ! ಗಡಿಯಾರದ ಅಂಗಡಿಯಲ್ಲೂ ಸಿಗುವ ಸೆಲ್ ಅದು. ಐದೂ ನೋಡ್‌ಗಳಿಗೆ ಹೊಸದು ಹಾಕಿಬಿಡಿ.

ಅಷ್ಟಕ್ಕೇ ನಿಲ್ಲಿಸಬೇಡಿ. ಇಂಟರ್ನೆಟ್ ಇಲ್ಲದ ಕಡೆ ಮುಖ್ಯ ಸರ್ವರ್ ತಾನೇ ಸಮಯ ಹೇಳುವಂತಿರಬೇಕು. ಅದರಲ್ಲಿರುವ, ಗಡಿಯಾರ ಹೊಂದಿಸುವ ಕ್ರೋನಿ ತಂತ್ರಾಂಶದ ಸಂರಚನೆಯಲ್ಲಿ ‘ಲೋಕಲ್ ಸ್ಟ್ರಾಟಮ್ 10’ ಎಂಬ ಸಾಲನ್ನೂ, ನಿಮ್ಮ ನೆಟ್‌ವರ್ಕ್‌ಗೆ ಅನುಮತಿ ಕೊಡುವ ‘ಅಲೋ’ ಸಾಲನ್ನೂ ಸೇರಿಸಿ, ಫೈರ್‌ವಾಲ್‌ನಲ್ಲಿ ಸಮಯದ ಸಂದೇಶಗಳು ಹಾದುಹೋಗುವ ಯುಡಿಪಿ 123 ಪೋರ್ಟನ್ನು ತೆರೆಯಿರಿ. ನೋಡ್‌ಗಳ ಕ್ರೋನಿಗೆ ಅದರ ವಿಳಾಸವನ್ನೇ ಕೊಡಿ. ನೋಡ್‌ಗಳಲ್ಲಿ ಮೊದಲು ಕ್ರೋನಿ, ಬಳಿಕ ಮಂಜ್, ಕೊನೆಗೆ ನೋಡ್‌ನಲ್ಲಿ ಓಡುವ ಸ್ಲರ್ಮ್ ಸೇವೆಯಾದ ಸ್ಲರ್ಮ್‌ಡಿ ಆರಂಭವಾಗಲಿ.

ನಕ್ಷತ್ರವಿಲ್ಲದ ಮೂರು ನೋಡ್‌ಗಳು ಆರೋಗ್ಯವಾಗಿಯೇ ಇರಬಹುದು. ನೋಡ್‌ಗಳ ಸ್ಥಿತಿ ತೋರಿಸುವ ‘ಎಸ್‌ಇನ್‌ಫೋ’ ಆದೇಶಕ್ಕೆ ದೊಡ್ಡಕ್ಷರದ ‘ಆರ್’ ಆಯ್ಕೆ ಸೇರಿಸಿದರೆ, ನೋಡ್ ಅನಿರೀಕ್ಷಿತವಾಗಿ ರೀಬೂಟ್ ಆಗಿದೆ ಎಂಬ ಕಾರಣ ಕಾಣಿಸಬೇಕು. ಹೀಗಾದ ನೋಡನ್ನು ಸ್ಲರ್ಮ್ ತಾನಾಗಿ ಕೆಲಸಕ್ಕೆ ಮರಳಿಸುವುದಿಲ್ಲ. ‘ಎಸ್‌ಕಂಟ್ರೋಲ್’ ಆದೇಶದ ಮೂಲಕ ನೀವೇ ‘ರೆಸ್ಯೂಮ್’ ಸ್ಥಿತಿ ಕೊಡಬೇಕು. ಅದು ತಾನಾಗಿ ಮರಳಬೇಕಿದ್ದರೆ ಸ್ಲರ್ಮ್ ಸಂರಚನೆಯಲ್ಲಿ ‘ರಿಟರ್ನ್‌ಟುಸರ್ವಿಸ್’ನ ಬೆಲೆ 1 ಇದ್ದರೂ ಸಾಲದು, 2 ಇರಬೇಕು. ದೋಷವಿರುವ ರ‍್ಯಾಮ್‌ನಿಂದ ಪದೇ ಪದೇ ರೀಬೂಟ್ ಆಗುವ ನೋಡ್ ಕೂಡ ಸದ್ದಿಲ್ಲದೆ ಮರಳಿ ಬರುವುದು ಇದರ ಅಪಾಯವಾದರೂ, ಕರೆಂಟ್ ಆಗಾಗ ಹೋಗುವ ನಿಮ್ಮ ಪ್ರಯೋಗಾಲಯಕ್ಕೆ ನಾನು 2ನ್ನೇ ಸೂಚಿಸುತ್ತೇನೆ.

ಇಷ್ಟಾದ ಮೇಲೆ, ವಿದ್ಯಾರ್ಥಿಗಳ ಜಾಬ್ ಯಾವುದೂ ನಡೆಯದ ಹೊತ್ತಿನಲ್ಲಿ ಒಂದು ನೋಡಿನ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ, ಅದು ‘ಐಡಲ್’ (ಕೆಲಸಕ್ಕೆ ಸಿದ್ಧ) ಸ್ಥಿತಿಗೆ ಬರುವುದೇ ಎಂದು ನೋಡಿ.