ಮೊದಲು ಕುದುರೆ ಲಾಯ, ಆಮೇಲೆ ಬಾಹ್ಯಾಕಾಶ ನೌಕೆ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಸುಲು ಪಾತ್ರಧಾರಿ ಜಾರ್ಜ್ ಟಕೇಯಿ ಬಗ್ಗೆ ಬರೆದಿದ್ದೀರಿ. ನಟನೆಗಿಂತ ಹೋರಾಟದ ಮಾತೇ ಜಾಸ್ತಿ. ಹೆಸರು ಬಂದ ಮೇಲೆ ನಟರು ಇದಕ್ಕೆಲ್ಲ ಯಾಕೆ ಇಳಿಯುತ್ತಾರೋ! ಸುಮ್ನೆ ನಟಿಸಿದರೆ ಸಾಲದೆ?

ಸಂಪಾದಕರ ಉತ್ತರ: ನಟನೆಗೆ ಜಾಗ ಸಾಲಲಿಲ್ಲ, ಒಪ್ಪಿದೆ. ಆದರೆ ‘ಹೆಸರು ಬಂದ ಮೇಲೆ’ ಅಂದಿರಲ್ಲ, ತಕರಾರು ಅಲ್ಲೇ.

1942ರಲ್ಲಿ ಟಕೇಯಿಗೆ ಐದು ವರ್ಷ. ಜಪಾನ್ ನಡೆಸಿದ ಪರ್ಲ್ ಹಾರ್ಬರ್ ದಾಳಿಯ ಸಿಟ್ಟಿನಲ್ಲಿ ಅಮೆರಿಕ ತನ್ನದೇ ನೆಲದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಯಿಂದ ಎಬ್ಬಿಸಿ ಶಿಬಿರಗಳಿಗೆ ತುಂಬಿತು. ಲಾಸ್ ಏಂಜಲೀಸ್‌ನ ಟಕೇಯಿ ಮನೆ ಬಾಗಿಲಿಗೂ ಬಂದೂಕು ಹಿಡಿದ ಸೈನಿಕರು ಬಂದರು. ಮೊದಲು ಸಾಂಟಾ ಅನಿಟಾ ರೇಸ್‌ಕೋರ್ಸ್‌ನ ಕುದುರೆ ಲಾಯದಲ್ಲಿ ವಾಸ. ಆಮೇಲೆ ಅರ್ಕಾನ್ಸಾದ ಶಿಬಿರ. ಅಲ್ಲಿ ದೊಡ್ಡವರ ಕೈಗೆ ಒಂದು ಪ್ರಶ್ನಾವಳಿ ಕೊಟ್ಟರು: ಜಪಾನ್ ಚಕ್ರವರ್ತಿಯ ಮೇಲಿನ ನಿಷ್ಠೆ ಬಿಡುತ್ತೀರಾ? ಇಲ್ಲದ ನಿಷ್ಠೆಯನ್ನು ಬಿಡೋದು ಹೇಗೆ? ಅಪ್ಪ ಅಮ್ಮ ಇಬ್ಬರೂ ‘ಇಲ್ಲ’ ಎಂದು ಬರೆದರು. ಕುಟುಂಬವನ್ನು ಇನ್ನೂ ಬಿಗಿ ಕಾವಲಿನ ಟ್ಯೂಲ್ ಲೇಕ್ ಶಿಬಿರಕ್ಕೆ ಕಳಿಸಿದರು. ಮುಳ್ಳುತಂತಿಯೊಳಗಿನ ಶಾಲೆಯಲ್ಲಿ ಮಕ್ಕಳು ದಿನಾ ಬಾವುಟದ ಮುಂದೆ ನಿಂತು ಎಲ್ಲರಿಗೂ ಸ್ವಾತಂತ್ರ್ಯ, ನ್ಯಾಯ ಎಂದು ಪ್ರತಿಜ್ಞೆ ಹೇಳಬೇಕಿತ್ತು.

ಸುಲು ಆಗಿ ಟಿವಿಯಲ್ಲಿ ಕಾಣಿಸಿಕೊಂಡಿದ್ದು ಇದೆಲ್ಲ ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ, 1966ರಲ್ಲಿ. ಆಗ ಹಾಲಿವುಡ್‌ನಲ್ಲಿ ಏಷ್ಯಾ ಮುಖದವರಿಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಆಳಿನ ಪಾತ್ರ, ಇಲ್ಲವೇ ಶತ್ರುವಿನ ಪಾತ್ರ. ಸುಲು ಮಾತ್ರ ಬಾಹ್ಯಾಕಾಶ ನೌಕೆ ನಡೆಸುವವನು. 1981ರಲ್ಲಿ ಟಕೇಯಿ ಸರ್ಕಾರದ ವಿಚಾರಣಾ ಆಯೋಗದ ಮುಂದೆ ಶಿಬಿರದ ಕತೆ ಹೇಳಿದರು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿತು, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡಲು ಒಪ್ಪಿತು. ತಮ್ಮ ಪಾಲನ್ನು ಅವರು ಜಪಾನಿ ಅಮೆರಿಕನ್ನರ ಮ್ಯೂಸಿಯಂಗೆ ಕೊಟ್ಟುಬಿಟ್ಟರು.

(ನಡುವೆ ಲಾಸ್ ಏಂಜಲೀಸ್ ಸಾರಿಗೆ ಮಂಡಳಿಯಲ್ಲೂ ಕೂತಿದ್ದರು. ಸುರಂಗ ರೈಲಿಗೆ ಮತ ಸಮಸಮ ಆದಾಗ ಸಿನಿಮಾ ಸೆಟ್‌ನಿಂದ ಓಡಿ ಬಂದು ಮತ ಹಾಕಿದ ಆಸಾಮಿ!)

ನೀವು ಹೇಳಿದ ‘ಸುಮ್ನೆ ನಟನೆ’ಯನ್ನೂ ಅವರು ಮಾಡಿ ನೋಡಿದ್ದಾರೆ. ತಾನು ಸಲಿಂಗಿ ಅನ್ನೋದನ್ನು ಕೆಲಸ ಹೋದೀತೆಂಬ ಭಯಕ್ಕೆ ದಶಕಗಳ ಕಾಲ ಬಚ್ಚಿಟ್ಟರು. 2005ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಶ್ವಾರ್ಜ್‌ನೆಗರ್ ಸಲಿಂಗ ಮದುವೆಯ ಮಸೂದೆಯನ್ನು ತಳ್ಳಿಹಾಕಿದರು. ಅವರೂ ನಟರೇ, ನೋಡಿ. ಆಗ ಟಕೇಯಿ ಬಾಯಿಬಿಟ್ಟರು, 68ನೇ ವಯಸ್ಸಿನಲ್ಲಿ. ಮೂರು ವರ್ಷದ ಮೇಲೆ ಸಂಗಾತಿ ಬ್ರ್ಯಾಡ್ ಜೊತೆ ಮದುವೆ, ಅದೇ ಮ್ಯೂಸಿಯಂನಲ್ಲಿ. ನೌಕೆಯ ಹಳೆಯ ಸಹೋದ್ಯೋಗಿಗಳಾದ ನಿಚೆಲ್ ನಿಕೋಲ್ಸ್, ವಾಲ್ಟರ್ ಕೋನಿಗ್ ಪಕ್ಕದಲ್ಲಿ ನಿಂತಿದ್ದರು.

ಕೊನೆಗೆ ನಟನೆಯ ಬಾಕಿ ತೀರಿಸುತ್ತೇನೆ. ‘ದಿ ನೇಕೆಡ್ ಟೈಮ್’ ಕಂತು ಸಿಕ್ಕರೆ ನೋಡಿ. ತಲೆಕೆಟ್ಟ ಸುಲು ಅಂಗಿ ಬಿಚ್ಚಿ ಕತ್ತಿ ಬೀಸುತ್ತಾ ನೌಕೆ ತುಂಬಾ ಓಡುತ್ತಾನೆ. ಬರಹಗಾರರ ತಲೆಯಲ್ಲಿದ್ದದ್ದು ಜಪಾನಿ ಯೋಧರ ಸಮುರಾಯ್ ಕತ್ತಿ. ಟಕೇಯಿ ಬೇಡವೆಂದರು, ಫೆನ್ಸಿಂಗ್ ಕತ್ತಿ ಕೊಡಿ ಎಂದರು. ಚಿಕ್ಕಂದಿನಲ್ಲಿ ಅವರು ಕನಸು ಕಂಡಿದ್ದು ಇಂಗ್ಲೆಂಡಿನ ಕತೆಗಳ ವೀರ ರಾಬಿನ್ ಹುಡ್ ಆಗಬೇಕೆಂದು.